ಸವಣೂರಿಗೆ ಬಂದ ತಗೋಲೋಟ

ಸವಣೂರಿನ ಟೇಲರ್ ಶಂಭುಲಿಂಗನಿಗೆ ಬಾರದ ವಿದ್ಯೆ ಒಂದೇ ಒಂದು. ‘ನನಗೆ ಬರುವುದಿಲ್ಲ’ ಎಂದು ಹೇಳುವ ವಿದ್ಯೆ. ಪ್ಯಾಂಟು ಹೊಲಿಸಲು ಬಂದವರು ಛತ್ರಿ ರಿಪೇರಿ ಆದೀತೇ ಎಂದರೆ ಛತ್ರಿ ಇಸಿದುಕೊಳ್ಳುತ್ತಿದ್ದ. ಭಜನೆಯವರು ಹಾರ್ಮೋನಿಯಂ ತಂದರೆ ಅದರ ಹರಿದ ತಿದಿಗೂ ಸೂಜಿ ಹಾಕುತ್ತಿದ್ದ. ಆ ಪೆಟ್ಟಿಗೆ ಇಂದಿಗೂ ಒಂದು ಸ್ವರ ಒತ್ತಿದರೆ ಎರಡು ಸ್ವರ ಕೊಡುತ್ತದೆ, ಭಜನೆಯವರು ಅದನ್ನು ಲಾಭವೆಂದೇ ತಿಳಿದಿದ್ದಾರೆ.

ಈ ಗುಣ ಅವನಿಗೆ ಅಂಟಿದ್ದು ಗರಡಿ ಮನೆಯಲ್ಲಿ. ನಲವತ್ತು ವರ್ಷಗಳ ಹಿಂದೆ ಪೇಟೆಯ ಹಿಂಬದಿಯ ಓಣಿಯಲ್ಲಿ ಖಾದರಸಾಬ ಉಸ್ತಾದರ ಗರಡಿ ಇತ್ತು. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಂಪು ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆಹಣ್ಣಿನ ರಸ ಬೆರೆಸಿ ಹದ ಮಾಡುತ್ತಿದ್ದರು. ಬೆಳಗಿನ ಐದಕ್ಕೆ ಆ ಮಣ್ಣಿನ ವಾಸನೆ ಓಣಿಯ ತುದಿಯವರೆಗೂ ಬರುತ್ತಿತ್ತು. ಹತ್ತೊಂಬತ್ತರ ಶಂಭುಲಿಂಗ ಆ ವಾಸನೆ ಹಿಡಿದು ಒಳಗೆ ಹೋದವನು ಆರು ವರ್ಷ ಹೊರಗೆ ಬರಲಿಲ್ಲ. ಸಾವಿರಗಟ್ಟಲೆ ಬಸ್ಕಿ ಹೊಡೆದ. ಬೇರೆಯವರ ಮೈಗೆ ಎಣ್ಣೆ ತಿಕ್ಕಿದ. ಎಲ್ಲ ಪಟ್ಟುಗಳನ್ನೂ ಗೋಡೆಗೆ ಆತು ನಿಂತು ನೋಡಿದ. ಆದರೆ ಟೇಲರನ ಮಗ ಎಂದು ಗೊತ್ತಾದ ದಿನದಿಂದ ಗರಡಿಯ ಲಂಗೋಟಿ ಚಡ್ಡಿಗಳೆಲ್ಲ ಅವನ ಪಾಲಿಗೆ ಬಂದವು. ಹಾನಗಲ್ಲಿನಲ್ಲಿ ಕುಸ್ತಿ ಇರಲಿ, ಹಂಸಭಾವಿಯಲ್ಲಿ ಇರಲಿ, ಚೀಲ ಹೊತ್ತುಕೊಂಡು ಹೋಗುತ್ತಿದ್ದ. ನನ್ನ ಜೋಡಿ ಯಾವಾಗ ಹಚ್ಚುತ್ತೀರಿ, ನನ್ನನ್ನು ಕಣಕ್ಕೆ ಯಾವಾಗ ಇಳಿಸುತ್ತೀರಿ ಎಂದು ಕೇಳಿದಾಗಲೆಲ್ಲ ಉಸ್ತಾದರು ಮುಂದಿನ ವರ್ಷ ಎನ್ನುತ್ತಿದ್ದರು. ಹೀಗೆ ಆರು ವರ್ಷದಲ್ಲಿ ಅವನು ಹೊಲಿದ ಲಂಗೋಟಿ ಮುನ್ನೂರು, ಆಡಿದ ಕುಸ್ತಿ ಸೊನ್ನೆ.

ಆದರೆ ಹಿರೇಕೆರೂರಿನಿಂದ ಹೆಣ್ಣಿನ ಕಡೆಯವರು ವರ ನೋಡಲು ಬಂದಾಗ ಯಾರೋ ಹಿರಿಯರು ಹುಡುಗ ಪೈಲ್ವಾನಕಿ ಮಾಡುತ್ತಾನೆ ಎಂದುಬಿಟ್ಟರು. ಶಂಭುಲಿಂಗ ಇಲ್ಲ ಎನ್ನಲಿಲ್ಲ. ಮದುವೆಯಾದ ಮೇಲೆ ಹೆಂಡತಿ ವೀರವ್ವ ಯಾವ ಯಾವ ಕುಸ್ತಿ ಗೆದ್ದಿರಿ ಎಂದು ಕೇಳಿದಾಗಲೂ ಇಲ್ಲ ಎನ್ನಲಿಲ್ಲ. ಹಾನಗಲ್ಲಿನ ಕುಸ್ತಿ, ಶಿಗ್ಗಾವಿಯ ಕುಸ್ತಿ, ಬಂಗಾರದ ಹಲ್ಲಿನ ಪೈಲ್ವಾನನನ್ನು ಚಿತ್ ಮಾಡಿದ ಕುಸ್ತಿ ಒಂದೊಂದಾಗಿ ಹುಟ್ಟಿಕೊಂಡವು. ವೀರವ್ವ ಮೊದಲ ಎರಡು ವರ್ಷ ನಂಬಿದಳು. ಮುಂದಿನ ಎರಡು ವರ್ಷ ಅನುಮಾನಿಸಿದಳು. ಉಳಿದ ಮೂವತ್ತೆರಡು ವರ್ಷ ‘ಹೌದ್ರಿ, ಹೌದ್ರಿ’ ಎನ್ನುತ್ತ ರೊಟ್ಟಿ ಬಡಿಯುತ್ತಿದ್ದಾಳೆ.

ಈಗ ಗರಡಿ ಮುಚ್ಚಿ ಗೊಬ್ಬರದ ಗೋದಾಮಾಗಿದೆ. ಎಪ್ಪತ್ತೆಂಟರ ಖಾದರಸಾಬ ಮೊಣಕಾಲು ನೋವು ಹಿಡಿಸಿಕೊಂಡು, ಸೊಸೆ ನುಜಹತಳ ಬಳೆ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂರುತ್ತಾರೆ. ಪಕ್ಕದ್ದೇ ಶಂಭುಲಿಂಗನ ಅಂಗಡಿ. ಇಬ್ಬರೂ ದಿನಾ ಚಹ ಕುಡಿಯುತ್ತಾರೆ, ಗರಡಿಯ ಮಾತು ಮಾತ್ರ ಎತ್ತುವುದಿಲ್ಲ.

ಇಂಥ ಊರಿಗೆ ಮೆಕ್ಸಿಕೋ ದೇಶದ ಕುಸ್ತಿ ಬಂತು.

ತಂದವಳು ರಂಜನಾ, ಮೆಣಸಿನಕಾಯಿ ವ್ಯಾಪಾರಿ ಕುಬೇರಪ್ಪ ಸಾವ್ಕಾರರ ತಮ್ಮನ ಮಗಳು. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುತ್ತಿದ್ದ ಈ ಹುಡುಗಿಗೆ ಅದು ಹೇಗೋ ಸ್ಪ್ಯಾನಿಷ್ ಭಾಷೆ ಬರುತ್ತಿತ್ತು, ಅದು ಹೇಗೋ ಮೆಕ್ಸಿಕೋದ ಮೂವರು ಪೈಲ್ವಾನರ ಪರಿಚಯವೂ ಆಗಿತ್ತು. ಅವರ ಕುಸ್ತಿಗೆ ಲುಚಾ ಲಿಬ್ರೆ ಎನ್ನುತ್ತಾರೆ. ಮಣ್ಣಿಲ್ಲ, ಸುತ್ತ ಹಗ್ಗ ಕಟ್ಟಿದ ಅಟ್ಟ. ಪೈಲ್ವಾನರು ಬಣ್ಣದ ಮುಖವಾಡ ತೊಟ್ಟು, ಹಗ್ಗದ ಮೇಲೆ ಹತ್ತಿ ಒಬ್ಬರ ಮೇಲೊಬ್ಬರು ಹಾರುತ್ತಾರೆ. ಹಿರೇಕೆರೂರಿನಲ್ಲಿ ಒಂದು ರಾತ್ರಿ, ಹಾನಗಲ್ಲಿನಲ್ಲಿ ಒಂದು ರಾತ್ರಿ, ಕೊನೆಗೆ ಸವಣೂರಿನಲ್ಲಿ ಒಂದು ರಾತ್ರಿ ಎಂದು ಗೊತ್ತಾಯಿತು. ಸವಣೂರಿನ ಕುಸ್ತಿ ಪ್ರೇಮಿಗಳ ಸಂಘಕ್ಕೆ ಕುಬೇರಪ್ಪನವರೇ ಅಧ್ಯಕ್ಷರು. ಈ ಸಂಘ ಹನ್ನೊಂದು ವರ್ಷದಿಂದ ಕುಸ್ತಿ ನಡೆಸಿರಲಿಲ್ಲ, ಪ್ರತಿ ವರ್ಷ ಫೋಟೋ ಮಾತ್ರ ತೆಗೆಸಿಕೊಳ್ಳುತ್ತಿತ್ತು.

ಮೂವರ ಮುಖಂಡನ ಹೆಸರು ಎಲ್ ತೆಕೊಲೋತೆ. ಹಾಗೆಂದರೆ ಗೂಗೆ. ಊರ ತುಂಬ ಗೂಗೆಯ ಚಿತ್ರ ಅಂಟಿಸುವುದು ಶುಭವಲ್ಲ ಎಂದು ಕುಬೇರಪ್ಪ ಪೋಸ್ಟರಿನಲ್ಲಿ ‘ಮೆಕ್ಸಿಕೋದ ಗರುಡ’ ಎಂದು ಹಾಕಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ನಿಜವಾದ ಹೆಸರನ್ನು ಊರು ತನ್ನ ನಾಲಿಗೆಗೆ ಒಗ್ಗಿಸಿಕೊಂಡಿತು. ಎರಡೇ ದಿನದಲ್ಲಿ ಅವನು ಎಲ್ಲರ ಬಾಯಲ್ಲಿ ‘ತಗೋಲೋಟ’ ಆದ. ಚಹದ ಅಂಗಡಿಯಲ್ಲಿ ಯಾರಾದರೂ ಆ ಹೆಸರೆತ್ತಿದರೆ ಮಾಲೀಕ ಅಭ್ಯಾಸಬಲದಿಂದ ಒಂದು ಲೋಟ ತಂದಿಡುತ್ತಿದ್ದ.

ಕುಸ್ತಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ರಂಜನಾ ಶಂಭುಲಿಂಗನ ಅಂಗಡಿಗೆ ಬಂದಳು. ಜೊತೆಗೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ. ಗೋಧಿ ಬಣ್ಣ, ದಪ್ಪ ಮೀಸೆ, ಸಣ್ಣ ಹೊಟ್ಟೆ. ಬಂಕಾಪುರದ ಬಸ್ಸು ಹತ್ತಿಸಿದರೆ ಕಂಡಕ್ಟರು ಕನ್ನಡದಲ್ಲೇ ಚಿಲ್ಲರೆ ಕೇಳಬೇಕು, ಹಾಗಿದ್ದ. ರಂಜನಾ ಬಾಗಿಲು ಅರ್ಧ ಎಳೆದು, ಚೀಲದಿಂದ ನೀಲಿ ಬಟ್ಟೆಯ ಮುಖವಾಡ ತೆಗೆದಳು. ದೊಡ್ಡ ದುಂಡು ಕಣ್ಣು, ಬೆಳ್ಳಿ ಬಣ್ಣದ ಕೊಕ್ಕು, ಬಾಯಿಯ ಜಾಗದಲ್ಲಿ ಕಿಂಡಿ. ಹಿಂದಿನ ರಾತ್ರಿ ಹಾನಗಲ್ಲಿನಲ್ಲಿ ಅದು ನೆತ್ತಿಯಿಂದ ಕಿವಿಯವರೆಗೆ ಹರಿದಿತ್ತು.

“ಕಾಕಾ, ಮಾಸ್ಕ್ ಹೊಲಿಯಾಕ ಬರ್ತದೇನ್ರಿ?”

ಕೊರೊನಾ ಕಾಲದಲ್ಲಿ ಅರ್ಧ ಸವಣೂರಿನ ಬಾಯಿ ಮುಚ್ಚಿಸಿದವನು ತಾನು ಎಂದು ಶಂಭುಲಿಂಗ ನೆನಪಿಸಿದ.

ಆಮೇಲೆ ರಂಜನಾ ದನಿ ತಗ್ಗಿಸಿ ಹೇಳಿದ್ದಿಷ್ಟು. ಈ ಮನುಷ್ಯನೇ ತೆಕೊಲೋತೆ. ಅವರ ದೇಶದಲ್ಲಿ ಮುಖವಾಡದ ಪೈಲ್ವಾನನ ಮುಖ ಯಾರಿಗೂ ಗೊತ್ತಿರಬಾರದು. ಮುಖ ಬಯಲಾದರೆ ಮಾನ ಹೋದಂತೆ, ಮತ್ತೆ ಅದನ್ನು ತೊಡುವಂತಿಲ್ಲ. ಈ ಮುಖವಾಡ ಅವನ ಅಪ್ಪ ತೊಟ್ಟದ್ದು, ಅಪ್ಪನಿಂದ ಅವನಿಗೆ ಬಂದದ್ದು. ತಲೆಯ ಅಳತೆ ಬೇಕೆಂದು ಕರೆತಂದಿದ್ದಾಳೆ, ಅಷ್ಟೇ. ಅದು ಹೊಲಿಗೆಯಲ್ಲಿ ಇರುವಷ್ಟು ಹೊತ್ತು ಅವನು ಯಾರೂ ಅಲ್ಲ, ದಾರಿಹೋಕ.

“ಇವರ ಮಾರಿ ನೀವು ನೋಡೀರಿ ಅನ್ನೂದು ಒಬ್ಬರಿಗೂ ಗೊತ್ತಾಗಬಾರದ್ರಿ, ಕಾಕಾ. ಕಾಕೂಗೂ ಹೇಳಬ್ಯಾಡ್ರಿ.”

ಶಂಭುಲಿಂಗ ಕತ್ತರಿ ಮುಟ್ಟಿ ಆಣೆ ಮಾಡಿದ. ಟೇಲರನಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಟೇಪು ಹಿಡಿದು ತಲೆ ಅಳೆದ. ಇಪ್ಪತ್ಮೂರು ಇಂಚು. ಕುತೂಹಲಕ್ಕೆ ತನ್ನದನ್ನೂ ಅಳೆದ. ಅದೂ ಇಪ್ಪತ್ಮೂರೇ. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ರಂಜನಾ ಉಳಿದ ಇಬ್ಬರನ್ನು ಕರೆತರಲು ಹಾನಗಲ್ಲಿಗೆ ಹೋದಳು. ಆ ಮನುಷ್ಯ ಊರು ನೋಡಲು ಹೊರಟ.

ಹನ್ನೆರಡರ ಹೊತ್ತಿಗೆ ಹೊಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಮುಗಿಯಿತು, ಹರಿದದ್ದು ಎಲ್ಲಿ ಎಂದು ಹುಡುಕಬೇಕಿತ್ತು. ಒಳ್ಳೆಯ ಟೇಲರು ಟ್ರಯಲ್ ನೋಡದೆ ಬಟ್ಟೆ ಕೊಡುವುದಿಲ್ಲ. ತಲೆಯ ಒಡೆಯ ಊರು ಸುತ್ತುತ್ತಿದ್ದ. ಅದೇ ಅಳತೆಯ ಇನ್ನೊಂದು ತಲೆ ಅಂಗಡಿಯಲ್ಲೇ ಇತ್ತು. ಶಂಭುಲಿಂಗ ಮುಖವಾಡ ತೊಟ್ಟು, ಹಿಂದಿನ ಲಾಡಿಯನ್ನು ಬಿಗಿದು ಗಂಟು ಹಾಕಿ ಕನ್ನಡಿ ನೋಡಿದ. ಅರವತ್ತೆರಡು ವರ್ಷದ ಮುಖ ಎಲ್ಲಿಯೋ ಹೋಗಿತ್ತು. ಮೈ ತಾನಾಗಿ ನೆಟ್ಟಗಾಯಿತು. ಎಡಕ್ಕೆ ತಿರುಗಿ ನೋಡಿದ, ಬಲಕ್ಕೆ ತಿರುಗಿ ನೋಡಿದ. ಕೊನೆಗೆ ಬಿಚ್ಚಲು ಹೋದರೆ ಗಂಟು ಬಿಚ್ಚಲಿಲ್ಲ. ಲಾಡಿಗೆ ಅವನೇ ಈಗ ತಾನೇ ಹೊಸ ಮೇಣ ಸವರಿದ್ದ, ಬೆವರು ಕುಡಿದು ಅದು ಕಲ್ಲಾಗಿತ್ತು. ಕತ್ತರಿ ಹಾಕಿದರೆ ಪರದೇಶದ ಅಪ್ಪನ ಆಸ್ತಿಗೆ ಕತ್ತರಿ ಹಾಕಿದಂತೆ. ನುಜಹತಳ ಕೈಲಿ ಬಿಚ್ಚಿಸೋಣ ಎಂದು ಬನಿಯನ್ನು, ಧೋತರದಲ್ಲೇ ಅಂಗಡಿಯಿಂದ ಹೊರಗೆ ಕಾಲಿಟ್ಟ.

ಎದುರಿಗೆ ಜೀಪು ನಿಂತಿತ್ತು. ಜೀಪಿನ ಹಿಂದೆ ಹಲಗಿ ಬಾರಿಸುವವರು, ಮುಂದೆ ಹಾರ ಹಿಡಿದ ಕುಬೇರಪ್ಪ ಸಾವ್ಕಾರರು. ರಂಜನಾ ಟೇಲರ್ ಅಂಗಡಿಗೆ ಹೋದಳೆಂದು ಯಾರೋ ಹೇಳಿದ್ದರಿಂದ, ಪೈಲ್ವಾನರೂ ಅಲ್ಲೇ ಇರಬೇಕೆಂದು ಸ್ವಾಗತ ಮಾಡಲು ನೇರ ಅಲ್ಲಿಗೇ ಬಂದಿದ್ದರು. ಹಾರ ಬಿತ್ತು, ಹಲಗಿ ಎದ್ದಿತು. ಶಂಭುಲಿಂಗ ಕೈ ಅಡ್ಡ ಮಾಡಿದ.

“ಸಾವ್ಕಾರ್ರ, ನಾ ಶಂಭುಲಿಂಗ ಅದೇನ್ರಿ.”

ಕುಬೇರಪ್ಪ ಜನರ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

“ನೋಡ್ರಿ. ಬಂದ ಮೂರು ದಿನಕ್ಕ ಕನ್ನಡ ಕಲ್ತಾನ. ಅದೂ ಶಿವನ ಹೆಸರು ತಗೊಂಡು ಚಾಲೂ ಮಾಡ್ಯಾನ.”

“ನಾ ಟೇಲರ್ ರೀ. ಟೇಲರ್ ಶಂಭುಲಿಂಗ.”

“ಟೇಲರ್‌ನ ಹೆಸರೂ ನೆನಪಿಟ್ಟಾನ. ಉಪಕಾರ ಸ್ಮರಣೆ ಅಂದ್ರ ಇದು. ಎಲ್ಲಿ ಅದಾನ ಆ ಶಂಭುಲಿಂಗ? ಬೇಕಾದ ಹೊತ್ತಿನ್ಯಾಗ ಅಂವ ಎಂದಾರ ಸಿಕ್ಕಾನೇನು.”

ನಾನು ಅವನಲ್ಲ ಎಂದು ಸಾಧಿಸಿದರೆ ಅವನು ಎಲ್ಲಿ ಎಂದು ಕೇಳುತ್ತಾರೆ. ಅವನು ಬರಿಮುಖದಲ್ಲಿ ಪೇಟೆ ಸುತ್ತುತ್ತಿದ್ದಾನೆ ಎಂದರೆ ಊರೆಲ್ಲ ಮೀಸೆ ಹುಡುಕಲು ಹೊರಡುತ್ತದೆ. ಕತ್ತರಿಯ ಆಣೆ ನೆನಪಾಗಿ ಶಂಭುಲಿಂಗ ಬಾಯಿ ಮುಚ್ಚಿದ. ಅವನನ್ನು ಜೀಪಿನ ಮೇಲೆ ನಿಲ್ಲಿಸಿದರು. ಸ್ಟೂಲಿನ ಮೇಲೆ ಕುಳಿತಿದ್ದ ಖಾದರಸಾಬ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಚಹ ಕುಡಿದರು.

ಮೆರವಣಿಗೆ ಬಜಾರದ ತಿರುವಿಗೆ ಬಂದಾಗ ಮಿರ್ಚಿ ಭಜಿ ಅಂಗಡಿಯ ಮುಂದೆ ನಿಜವಾದ ತೆಕೊಲೋತೆ ನಿಂತಿದ್ದ. ಒಂದು ಕೈಯಲ್ಲಿ ಮಿರ್ಚಿ, ಒಂದು ಕೈಯಲ್ಲಿ ಖಾರದ ಪೊಟ್ಟಣ. ತನ್ನ ಅಪ್ಪನ ಮುಖ ಇನ್ನೊಬ್ಬನ ಹೆಗಲ ಮೇಲೆ ಬರುವುದನ್ನು ಕಂಡು ಅವನ ದವಡೆ ನಿಂತಿತು. ಹತ್ತಿರ ಬರಲು ನೋಡಿದವನನ್ನು ಪೊಲೀಸಿನವನೊಬ್ಬ, ಪೈಲ್ವಾನರನ್ನು ದೂರದಿಂದ ನೋಡಬೇಕು ಎಂದು ಹಿಂದಕ್ಕೆ ಸರಿಸಿದ. ಶಂಭುಲಿಂಗ ನಾಚಿಕೆಯಿಂದ ಕುಗ್ಗಿ ಅವನತ್ತ ಎರಡೂ ಕೈ ಜೋಡಿಸಿದ. ಜನ ಇದನ್ನು ನಮಸ್ಕಾರ ಎಂದು ತಿಳಿದು ಇಡೀ ಬಜಾರವೇ ಕೈ ಜೋಡಿಸಿತು. ಆ ಮನುಷ್ಯ ಸುತ್ತ ನೋಡಿದ. ಶಂಭುಲಿಂಗನ ಕುತ್ತಿಗೆಯ ಹಾರ ನೋಡಿದ, ಧೋತರ ನೋಡಿದ. ಆಮೇಲೆ ಮಿರ್ಚಿ ಬಾಯಿಗೆ ಹಾಕಿಕೊಂಡು ಹೊಟ್ಟೆ ಕುಲುಕುವಂತೆ ನಕ್ಕ. ಶಂಭುಲಿಂಗನ ಅರ್ಧ ಜೀವ ತಿರುಗಿ ಬಂತು.

ಬಂದ ಆ ಅರ್ಧವೂ ಮತ್ತೆ ಹೋದದ್ದು ಮಹಿಳಾ ಸಂಘದ ಮುಂದೆ. ಐದು ಜನ ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು, ನಡುವೆ ವೀರವ್ವ. ಇಳಕಲ್ ಸೀರೆ ಉಟ್ಟಿದ್ದಳು. ಮನೆಯಲ್ಲಿ ಅದು ಇದೆ ಎಂಬುದನ್ನೇ ಶಂಭುಲಿಂಗ ಮರೆತಿದ್ದ. ಅವಳು ಕುಂಕುಮ ಹಚ್ಚಲು ಹಣೆ ಹುಡುಕಿ, ಬಟ್ಟೆಯ ಹಣೆಗೇ ಹಚ್ಚಿದಳು. ಆರತಿ ಎತ್ತಿ ಅವನ ಮುಖವನ್ನು ನೋಡಿದ ರೀತಿಯಲ್ಲಿ ಅವಳು ಅವನನ್ನು ನೋಡಿ ಮೂವತ್ತನಾಲ್ಕು ವರ್ಷಗಳಾಗಿದ್ದವು. ಬಿಚ್ಚಿಬಿಡೋಣ, ಹೇಳಿಬಿಡೋಣ ಎಂದು ಅವನ ತುಟಿ ತೆರೆಯುವಷ್ಟರಲ್ಲಿ ವೀರವ್ವ ಪಕ್ಕದ ಸವಿತಾಳಿಗೆ ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು.

“ಇವರ ಮನ್ಯಾಕಿ ಪುಣ್ಯಾ ಮಾಡ್ಯಾಳ ನೋಡು.”

ಶಂಭುಲಿಂಗ ತುಟಿ ಮುಚ್ಚಿದ. ಅಲ್ಲಿಯವರೆಗೆ ಮುಖವಾಡ ಅವನನ್ನು ಹಿಡಿದಿತ್ತು. ಅಲ್ಲಿಂದ ಮುಂದೆ ಅವನು ಮುಖವಾಡವನ್ನು ಹಿಡಿದ.

ಸಂಘದ ಸಭಾಭವನದಲ್ಲಿ ಗುಡ್ಡಪ್ಪ ಎಂಬ ಅಧಿಕಾರಿಯೊಬ್ಬರು ಪರದೇಶದ ಅತಿಥಿಗಳ ವಿವರ ಬರೆದುಕೊಳ್ಳಲು ಮೂರು ಪುಟದ ಫಾರ್ಮು ಹಿಡಿದು ಕಾಯುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಕೇಳಿದರು. ಶಂಭುಲಿಂಗನಿಗೆ ಬರುತ್ತಿದ್ದ ಇಂಗ್ಲಿಷು ಟೇಪಿನಷ್ಟೇ ಉದ್ದ. ಅವನು ಗಂಭೀರವಾಗಿ “ಲೆಂಗ್ತ್ ನಲವತ್ತು, ವೇಸ್ಟ್ ಮೂವತ್ತೆಂಟು, ಬಾಟಮ್ ಹದಿನಾರು” ಎಂದ. ಗುಡ್ಡಪ್ಪ ಅಷ್ಟನ್ನೂ ಗೌರವದಿಂದ ಬರೆದುಕೊಂಡರು. ತಂದೆಯ ಹೆಸರಿಗೆ ಬಸಪ್ಪ ಎಂದಾಗ ಅವರ ಪೆನ್ನು ಸ್ವಲ್ಪ ತಡೆಯಿತು. ಆ ದೇಶದಲ್ಲಿ ಅದನ್ನು ಹೇಗೆ ಬರೆಯುತ್ತಾರೋ ಎಂದು ಕೊನೆಗೆ ‘ಬಾಸ್ಸಾಪ’ ಎಂದು ಬರೆದರು.

ಊಟಕ್ಕೆ ಎಲೆ ಹಾಸಿ ಕೂರಿಸಿದರು. ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ, ಶೇಂಗಾ ಚಟ್ನಿ ಅವನ ಮೂಗಿನ ಕೆಳಗಿಂದಲೇ ಬೇರೆಯವರ ಎಲೆಗೆ ಹೋದವು. ಪರದೇಶದವರಿಗೆ ಖಾರ ತಡೆಯುವುದಿಲ್ಲ ಎಂದು ಅವನಿಗೆ ಹಾಲು, ಅನ್ನ, ಎರಡು ಬಾಳೆಹಣ್ಣು. ಅವನು ಚಟ್ನಿಯ ಕಡೆ ಕೈ ಮಾಡಿದಾಗ ಕುಬೇರಪ್ಪ ಆ ಬಟ್ಟಲನ್ನು ಇನ್ನೂ ದೂರ ಸರಿಸಿ, ಆ ಕೈಯ ಕುತೂಹಲವನ್ನು ಎಲ್ಲರಿಗೂ ವರ್ಣಿಸಿದರು.

ಅದೇ ಹೊತ್ತಿಗೆ ನಿಜವಾದ ತೆಕೊಲೋತೆ ಶಂಭುಲಿಂಗನ ಅಂಗಡಿಯಲ್ಲಿ ಊಟ ಮಾಡುತ್ತಿದ್ದ. ಇದು ಶಂಭುಲಿಂಗನಿಗೆ ತಿಳಿದದ್ದು ಆಮೇಲೆ. ಮುಖವಾಡದ ದಾರಿ ಕಾಯಲು ಬೇರೆ ಜಾಗ ಗೊತ್ತಿಲ್ಲದ ಅವನು ತೆರೆದೇ ಇದ್ದ ಅಂಗಡಿಗೆ ಬಂದು ಕುಳಿತಿದ್ದ. ಆರತಿ ಮುಗಿಸಿ ಗಂಡನಿಗೆ ಬುತ್ತಿ ತಂದ ವೀರವ್ವ, ಗಂಡ ಕಾಣದ್ದನ್ನೂ ಮಾತಾಡದ ಮನುಷ್ಯನೊಬ್ಬ ಕಾದು ಕುಳಿತದ್ದನ್ನೂ ಕಂಡು, ಹಂಸಭಾವಿ ಕಡೆಯ ಯಾರೋ ಮೂಗ ಬೀಗರು ಎಂದು ತಾನೇ ತೀರ್ಮಾನಿಸಿ ಬುತ್ತಿ ಬಿಚ್ಚಿದಳು. ಆತ ನಾಲ್ಕು ರೊಟ್ಟಿಗೆ ಇಡೀ ಬಟ್ಟಲು ಕೆಂಪು ಖಾರ ಹಚ್ಚಿಕೊಂಡು ತಿಂದು, ಇನ್ನೂ ಬೇಕೆಂದು ಬಟ್ಟಲು ತೋರಿಸಿದನಂತೆ. ಇಂಥ ಮನುಷ್ಯ ನಮ್ಮ ಕಡೆಯವನಲ್ಲದೆ ಇನ್ನೆಲ್ಲಿಯವನು ಎಂದು ವೀರವ್ವನಿಗೆ ಖಾತ್ರಿಯಾಯಿತು.

ಸೂರ್ಯ ಮುಳುಗುವಾಗ ಮೈದಾನ ತುಂಬಿತ್ತು. ಇಷ್ಟು ಜನ ಕುಸ್ತಿಗೆ ಸೇರಿದ್ದನ್ನು ಸವಣೂರು ಇಪ್ಪತ್ತು ವರ್ಷದಿಂದ ಕಂಡಿರಲಿಲ್ಲ. ಹಳೇ ಗರಡಿಯ ಮುದುಕರು ಪೆಟ್ಟಿಗೆಯ ತಳದಿಂದ ಪಟಗ ತೆಗೆದು ತಲೆಗೆ ಸುತ್ತಿಕೊಂಡು ಬಂದಿದ್ದರು. ತೀರ್ಪು ಕೊಡುವ ಪಂಚರ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಖಾದರಸಾಬರನ್ನು ಇಬ್ಬರು ಎತ್ತಿಕೊಂಡು ಬಂದು ಹಗ್ಗದ ಪಕ್ಕದಲ್ಲೇ ಕೂರಿಸಿದ್ದರು.

ಮೈದಾನದ ಅಂಚಿನ ಶಾಲೆಯ ಕೋಣೆಯಲ್ಲಿ ಶಂಭುಲಿಂಗ ಒಬ್ಬನೇ ಬಾಗಿಲಿಗೆ ಅಗಳಿ ಹಾಕಿಕೊಂಡು ಕುಳಿತಿದ್ದ. ಹಿಂದಿನ ಕಿಟಕಿಯಿಂದ ರಂಜನಾ ಮತ್ತು ತೆಕೊಲೋತೆ ಒಳಗಿಳಿದರು. ಹಾನಗಲ್ಲಿನಿಂದ ಬಂದ ರಂಜನಾಳಿಗೆ ಅಂಗಡಿಯಲ್ಲಿ ಸಿಕ್ಕಿದ್ದು ಬರಿಮುಖದ ಪೈಲ್ವಾನ. ಅವನು ಎಲ್ಲವನ್ನೂ ಹೇಳಿದ್ದ. ಇಬ್ಬರೂ ಸೇರಿ ಗಂಟಿಗೆ ಕೈ ಹಾಕಿದರು. ಉಗುರು ಮುರಿದವು, ಗಂಟು ಅಲುಗಲಿಲ್ಲ. ಹೊರಗೆ ಕುಬೇರಪ್ಪ ಮೈಕಿನಲ್ಲಿ ಗರುಡನ ಗುಣಗಾನ ಆರಂಭಿಸಿದ್ದರು. ಪೈಲ್ವಾನ ರಂಜನಾಳಿಗೆ ಏನೋ ಕೇಳಿದ.

“ಕಾಕಾ, ನಿಮಗ ಕುಸ್ತಿ ಬರ್ತದೇನು ಅಂತ ಕೇಳಾಕತ್ತಾರ.”

ಶಂಭುಲಿಂಗ ತಲೆ ತಗ್ಗಿಸಿದ. ಅವನ ಜೀವನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂತು.

“ಬರಂಗಿಲ್ಲವ್ವಾ. ಆರು ವರ್ಷ ಗರಡ್ಯಾಗ ಇದ್ದೆ. ಲಂಗೋಟಿ ಹೊಲದೇನಿ, ಅಷ್ಟ. ನಿಮ್ಮ ಕಾಕೂಗೆ ಹೇಳಿದ್ದೆಲ್ಲಾ ಸುಳ್ಳು.”

ರಂಜನಾ ಅದನ್ನು ಅವನ ಭಾಷೆಗೆ ತಿರುಗಿಸಿದಳು. ಪೈಲ್ವಾನ ನಗಲಿಲ್ಲ. ಶಂಭುಲಿಂಗನ ಎದುರು ಮೊಣಕಾಲೂರಿ ಕುಳಿತು, ಬೆಳಿಗ್ಗೆ ಹಾಕಿದ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಮಾತಾಡಿದ. ಅವನ ಅಪ್ಪನೂ ಟೇಲರನೇ ಅಂತೆ. ಊರಿನ ಪೈಲ್ವಾನರಿಗೆಲ್ಲ ಮುಖವಾಡ ಹೊಲಿದು ಕೊಡುತ್ತಿದ್ದನಂತೆ. ಒಂದು ರಾತ್ರಿ ಗೂಗೆಯ ಪೈಲ್ವಾನ ಬರಲೇ ಇಲ್ಲ, ಜನ ಕುರ್ಚಿ ಮುರಿಯಲು ಎದ್ದರು, ಆಗ ಹೊಲಿದವನೇ ತೊಟ್ಟುಕೊಂಡು ಇಳಿದನಂತೆ. ಆಮೇಲೆ ಇಪ್ಪತ್ತು ವರ್ಷ ಬಿಚ್ಚಲಿಲ್ಲವಂತೆ.

“ಹೋಗಿ ಬರ್ರಿ ಅನ್ನಾಕತ್ತಾರ, ಕಾಕಾ,” ಎಂದಳು ರಂಜನಾ. “ಎದುರಿನಂವ್ಗ ಹೇಳ್ತಾರಂತ, ನಿಮಗ ಪೆಟ್ಟಾಗಂಗಿಲ್ಲಂತ.”

ತೆಕೊಲೋತೆಯ ನೀಲಿ ಪ್ಯಾಂಟು ಶಂಭುಲಿಂಗನಿಗೆ ಸರಿಯಾಗಿ ಕೂತಿತು. ಅದರ ಹೊಲಿಗೆ ಮಾತ್ರ ಸುಮಾರು ಎಂದು ಅವನಿಗೆ ಆ ಗಳಿಗೆಯಲ್ಲೂ ಅನ್ನಿಸಿತು.

ಎದುರಾಳಿ ಗೂಳಿಯ ಮುಖವಾಡದ ಮನುಷ್ಯ. ನೂರಿಪ್ಪತ್ತು ಕಿಲೋ ಇದ್ದಿರಬೇಕು. ಗಂಟೆ ಬಾರಿಸಿದ ಕೂಡಲೇ ಅವನು ಹಗ್ಗದಿಂದ ಹಗ್ಗಕ್ಕೆ ಓಡಿದ, ನೆಲಕ್ಕೆ ಕಾಲು ಕೆರೆದ, ಜನರ ಕಡೆ ಗುಟುರು ಹಾಕಿದ. ಶಂಭುಲಿಂಗ ಅವನಿಗೆ ದಾರಿ ಬಿಟ್ಟುಕೊಡುತ್ತ ಅಟ್ಟದ ಮೇಲೆ ಮೂರು ಸುತ್ತು ಹಾಕಿದ. ಮೊದಲ ಸುತ್ತಿಗೆ ಜನ ಇದು ಮೆಕ್ಸಿಕೋದ ಪಟ್ಟು ಇರಬೇಕೆಂದರು. ಮೂರನೆಯ ಸುತ್ತಿಗೆ ಗುಜುಗುಜು ಶುರುವಾಯಿತು. ಗೂಳಿ ಅವನನ್ನು ಎತ್ತಿ, ತೊಟ್ಟಿಲಲ್ಲಿ ಕೂಸು ಹಾಕುವಷ್ಟು ಮೆತ್ತಗೆ ಕೆಳಗೆ ಹಾಕಿದ. ಆದರೂ ಅರವತ್ತೆರಡರ ಮೂಳೆ. ಶಂಭುಲಿಂಗ ತೆವಳುತ್ತ ಹಗ್ಗದ ಅಂಚಿಗೆ ಬಂದ. ಅವನ ಕಿವಿಯ ಹತ್ತಿರ, ಜನರ ಕಡೆ ನೋಡುತ್ತಲೇ, ಒಂದು ಮುದಿ ದನಿ ಹೇಳಿತು.

“ಶಂಭ್ಯಾ, ಎಡಗಾಲು ಹಿಂದ ತಗೋ. ಹೆಗಲು ಕೆಳಗ. ಅಂವ ಬರೂತನಕ ಕಾಯಿ.”

ಸಾವಿರ ಬೆನ್ನು ತಿಕ್ಕಿಸಿ ನೋಡಿದ ಉಸ್ತಾದನಿಗೆ ಶಿಷ್ಯನ ಗುರುತು ಹಿಡಿಯಲು ಮುಖ ಬೇಕಾಗುವುದಿಲ್ಲ.

ಶಂಭುಲಿಂಗ ಎದ್ದ. ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡ. ಅಲ್ಲಿ ಮಣ್ಣಿರಲಿಲ್ಲ, ತಾಡಪಾಲು ಇತ್ತು, ಆದರೂ ಅವನ ಮೂಗಿಗೆ ಮಜ್ಜಿಗೆ ಅರಿಶಿಣದ ವಾಸನೆ ಬಂತು. ಕಾಲಗಲಿಸಿ ನಿಂತು ಅಂಗೈಯಿಂದ ತೊಡೆ ತಟ್ಟಿ ಶಡ್ಡು ಹೊಡೆದ. ಮೆಕ್ಸಿಕೋದವನು ಸವಣೂರು ಗರಡಿಯ ಶಡ್ಡು ಹೊಡೆದಿದ್ದ. ಹಳೇ ಮುದುಕರೆಲ್ಲ ಕುರ್ಚಿ ಬಿಟ್ಟೆದ್ದರು.

ಗೂಳಿ ನುಗ್ಗಿತು. ಶಂಭುಲಿಂಗ ಕಾದ. ಎಡಗಾಲು ಹಿಂದೆ ಹೋಯಿತು, ಹೆಗಲು ಕೆಳಗಾಯಿತು, ಆರು ವರ್ಷ ಗೋಡೆಗೆ ಆತು ನೋಡಿದ್ದು ಕೈಗೆ ಇಳಿಯಿತು. ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಹಾಕುವ ಪಟ್ಟು ಅದು. ನೂರಿಪ್ಪತ್ತು ಕಿಲೋ ಅವನ ಬೆನ್ನೇರಿ, ಗಾಳಿಯಲ್ಲಿ ತಿರುಗಿ, ಅಟ್ಟ ಅದುರುವಂತೆ ಅಂಗಾತ ಬಿತ್ತು. ಗೂಳಿಯವನು ತಾನೇ ಸ್ವಲ್ಪ ನೆಗೆದನೆಂದು ಮುಂದೆ ಕೂತ ಕೆಲವರು ಹೇಳುತ್ತಾರೆ. ಇರಬಹುದು. ಲೋಕದ ಯಾವ ದೊಡ್ಡ ಗೆಲುವಿನಲ್ಲಿ ಇನ್ನೊಬ್ಬರ ಸಣ್ಣ ನೆಗೆತ ಇಲ್ಲ.

ಖಾದರಸಾಬ ಕೋಲೂರಿ ಎದ್ದು ನಿಂತು ಕೈ ಎತ್ತಿದರು. ಪಟಗಗಳು ಹಾರಿದವು. ಹೆಂಗಸರ ಸಾಲಿನಲ್ಲಿ ವೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿ ಹೊಡೆದಳು. ಅವಳಿಗೆ ಸೀಟಿ ಹೊಡೆಯಲು ಬರುತ್ತದೆ ಎಂಬುದೂ ಶಂಭುಲಿಂಗನಿಗೆ ಅಂದೇ ತಿಳಿದದ್ದು.

ಕೋಣೆಗೆ ಹಿಂತಿರುಗಿದಾಗ ಖಾದರಸಾಬರೂ ನುಜಹತಳ ಹೆಗಲು ಹಿಡಿದು ಬಂದರು. ಅಷ್ಟರಲ್ಲಿ ರಂಜನಾ ತನ್ನ ಪೈಲ್ವಾನನನ್ನು ಮರೆಗೆ ನಿಲ್ಲಿಸಿದ್ದಳು. ಉಸ್ತಾದರು ನುಜಹತಳನ್ನು ಹೊರಗೇ ಬಿಟ್ಟು, ಶಿಷ್ಯನನ್ನು ಕೂರಿಸಿ ಗಂಟಿಗೆ ಉಗುಳು ಹಚ್ಚಿ ಹೆಬ್ಬೆರಳಿನಿಂದ ಒತ್ತಿದರು. ಬೆವರಿಗೆ ಬಿಗಿದ ಲಂಗೋಟಿಯ ಗಂಟು ಬಿಚ್ಚುವುದು ಗರಡಿಯ ಮೊದಲ ಪಾಠ. ಎರಡು ನಿಮಿಷದಲ್ಲಿ ಲಾಡಿ ಸಡಿಲಾಯಿತು. ಅವರು ಮುಖವಾಡ ಬಿಚ್ಚಿ ಶಿಷ್ಯನ ಕೈಗಿಟ್ಟರು.

“ಅವತ್ತ ನಿನ್ನ ಜೋಡಿ ಹಚ್ಚಬೇಕಾಗಿತ್ತೋ, ಶಂಭ್ಯಾ. ನಂದ ತಪ್ಪು.”

“ಇರ್ಲಿ ಬಿಡ್ರಿ, ಉಸ್ತಾದ.”

“ನೀ ಕಣಕ್ಕ ಇಳದ್ರ ಲಂಗೋಟಿ ಹೊಲಿಯಾವ್ರು ಯಾರಿದ್ರು ಹೇಳು.”

ಆಮೇಲೆ ಮರೆಯಲ್ಲಿದ್ದವನ ಕಡೆ ತಿರುಗದೆ, ‘ನಾ ಯಾರನ್ನೂ ನೋಡಿಲ್ಲ’ ಎಂದು ಗೋಡೆಗೆ ಹೇಳಿ ಅವರು ಹೊರಟರು. ಕೊನೆಯ ಜೋಡಿಗೆ ನಿಜವಾದ ತೆಕೊಲೋತೆ ಮುಖವಾಡ ತೊಟ್ಟು ಇಳಿದ. ಹಗ್ಗದ ಮೇಲಿಂದ ಹಾರಿದ, ಗಾಳಿಯಲ್ಲಿ ಪಲ್ಟಿ ಹೊಡೆದ. ಅಟ್ಟದಿಂದ ಇಳಿಯುವ ಮೊದಲು ಯಾರಿಗೋ ಕಾಣಲೆಂಬಂತೆ ತೊಡೆಗೆ ಒಂದು ಶಡ್ಡು ಹೊಡೆದ. ಹಿಂದಿನ ಸಾಲಿನಲ್ಲಿ ಟವೆಲ್ಲು ಹೊದ್ದು ಕುಳಿತಿದ್ದ ಶಂಭುಲಿಂಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಪಕ್ಕದವರು ಮಾತ್ರ, ಮಧ್ಯಾಹ್ನದ ಪಟ್ಟು ಇದಕ್ಕಿಂತ ಚಲೋ ಇತ್ತು, ಈಗ ಯಾಕೋ ಗರುಡ ದಣಿದಿದ್ದಾನೆ ಎಂದು ಮಾತಾಡಿಕೊಂಡರು. ಮಧ್ಯಾಹ್ನ ಯಾವ ಕುಸ್ತಿಯೂ ಆಗಿರಲಿಲ್ಲ. ಆದರೆ ಆಗಲೇ ಕತೆ ಬೆಳೆಯಲು ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಶಂಭುಲಿಂಗನಿಗೆ ಹಾಸಿಗೆಯಿಂದ ಏಳಲು ಅರ್ಧ ಗಂಟೆ ಹಿಡಿಯಿತು. ಸೊಂಟ ಹಿಡಿದುಕೊಂಡು ಒಳಗೆ ಬಂದರೆ ವೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ರೊಟ್ಟಿಯ ಮೇಲಿತ್ತು, ಮನಸ್ಸು ಮೈದಾನದಲ್ಲಿ. ನಿನ್ನೆ ಇಡೀ ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಿದಳು. ಬಂಕಾಪುರದಲ್ಲಿ ಅಳತೆ ತೆಗೆಯುವುದಿತ್ತು ಎಂದ. ಊರಿಗೆ ಊರೇ ಕುಸ್ತಿ ನೋಡಿತು, ಪೈಲ್ವಾನ ಅನ್ನಿಸಿಕೊಂಡವರು ನೀವು ಮಾತ್ರ ನೋಡಲಿಲ್ಲ ಎಂದು ಅವಳು ಮರುಗಿದಳು.

ಶಂಭುಲಿಂಗ ಗೋಡೆಗೆ ಆತು ಕುಳಿತ. ಆಡದ ಕುಸ್ತಿಗಳನ್ನು ಮೂವತ್ತಾರು ವರ್ಷ ಹೇಳಿದ ಬಾಯಿ ಅದು. ಈಗ ಆಡಿದ ಕುಸ್ತಿಯೊಂದು ನಾಲಿಗೆಯ ತುದಿಯಲ್ಲಿ ಕುಳಿತಿತ್ತು. ಹೇಳಿದರೆ ಮುಖವಾಡ ಯಾಕೆ ತೊಟ್ಟೆ, ತೊಡಬೇಕಾದವನು ಎಲ್ಲಿದ್ದ, ಬುತ್ತಿ ಉಂಡ ಮೂಗ ಬೀಗರು ಯಾರು ಎಂದು ಎಳೆ ಬಿಚ್ಚುತ್ತ ಹೋಗುತ್ತದೆ. ಎರಡು ಸಲ ಬಾಯಿ ತೆರೆದ, ಎರಡು ಸಲ ನೀರು ಕುಡಿದ. ಕೊನೆಗೆ ಕೇಳಿದ್ದು ಇಷ್ಟೇ.

“ಹೆಂಗಿತ್ತು, ಕುಸ್ತಿ?”

ವೀರವ್ವ ತವೆ ಇಳಿಸಿ ಕೈ ಒರೆಸಿಕೊಂಡು ಎದ್ದಳು. ಗೂಳಿ ಹೇಗೆ ಬಂತು, ತಗೋಲೋಟ ಹೇಗೆ ನೆಲ ಮುಟ್ಟಿದ, ಶಡ್ಡು ಹೊಡೆದಾಗ ತನ್ನ ಮೈ ಹೇಗೆ ಜುಮ್ಮೆಂದಿತು ಎಂದು ಹೇಳುತ್ತ ಹೋದಳು. ಅವಳ ಕಣ್ಣು ಹೊಳೆಯುತ್ತಿದ್ದವು. ಶಂಭುಲಿಂಗನಿಗೆ ತನ್ನ ಕುಸ್ತಿ ಇಷ್ಟು ಚೆನ್ನಾಗಿತ್ತೆಂದು ಗೊತ್ತೇ ಇರಲಿಲ್ಲ. ಪಟ್ಟಿನ ಹತ್ತಿರ ಬಂದಾಗ ಮಾತು ಸಾಲದೆ ಅವಳು ಕೆಳಗೆ ಹಾಸಿದ್ದ ಗಾದಿಯನ್ನು ಕಾಲಿನಿಂದ ನಡುಮನೆಗೆ ಎಳೆದಳು.

“ಏಳ್ರಿ ಇಲ್ಲೆ. ನೀವು ಆ ಗೂಳಿ ಆಗ್ರಿ, ನಾ ತಗೋಲೋಟ. ನಿಮಗ ಹೇಳಿದ್ರ ತಿಳಿಯಂಗಿಲ್ಲ, ತೋರಸ್ತೇನಿ.”

ಶಂಭುಲಿಂಗ ಎದ್ದು ಬಂದ. ಗೂಳಿಯಂತೆ ತಲೆ ತಗ್ಗಿಸಿ ನಿಂತ. ವೀರವ್ವ ಅವನ ಕೈ ಹಿಡಿದು, ತಿರುಗಿ, ಹೆಗಲು ಕೊಟ್ಟಳು. ಅವನು ಸ್ವಲ್ಪ ನೆಗೆದ. ಸವಣೂರಿನಲ್ಲಿ ಮೆಕ್ಸಿಕೋವನ್ನು ಚಿತ್ ಮಾಡಿದ ಪೈಲ್ವಾನ ಗಾದಿಯ ಮೇಲೆ ಅಂಗಾತ ಬಿದ್ದು ಜಂತಿ ನೋಡುತ್ತಿದ್ದ. ಪಕ್ಕದಲ್ಲಿ ವೀರವ್ವ ಸೊಂಟಕ್ಕೆ ಕೈ ಇಟ್ಟುಕೊಂಡು, ಉಸಿರು ಸಿಗದಷ್ಟು ನಗುತ್ತಿದ್ದಳು. ಒಲೆಯ ಮೇಲೆ ರೊಟ್ಟಿ ಇರಲಿಲ್ಲವಾದ್ದರಿಂದ ಇಬ್ಬರಿಗೂ ಅವಸರವಿರಲಿಲ್ಲ.

“ಇನ್ನೊಮ್ಮೆ ತೋರ್ಸು,” ಎಂದ ಶಂಭುಲಿಂಗ. “ಸರಿಯಾಗಿ ತಿಳೀಲಿಲ್ಲ.”